ಗುರುತು ಹೇಳುವ ಮಾತು



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬಂದರು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತರು. ಸ್ಲೇಟು ಕೊಟ್ಟರೆ ಮುಟ್ಟಲಿಲ್ಲ.

"ಅಕ್ಕಾರ, ನಾ ಏನೂ ಓದಿದಾಕಿ ಅಲ್ರಿ. ನನಗೇನ ತಿಳೀತದ?" ಎಂದರು.

ಅವರು ಉಟ್ಟದ್ದು ಹಳೆಯ ಇಳಕಲ್ ಸೀರೆ. ಸೆರಗಿನ ಹತ್ತಿರ ಕಸೂತಿ ಇತ್ತು. ನಾವು ಅದರ ಮೇಲೆ ಬೆರಳಿಟ್ಟು ಕೇಳಿದೆವು:

"ಇದೇನ್ರಿ?"

"ಇದು ತೇರು. ಇದು ಆನಿ. ಇದು ತುಳಸಿಕಟ್ಟಿ. ಇದು ತೊಟ್ಲಾ."

"ತೊಟ್ಟಿಲು ಯಾಕ ಹಾಕೀರಿ?"

"ನಾ ಹಾಕಿದ್ದಲ್ರಿ. ನಮ್ಮವ್ವ ಹಾಕಿದ್ದು. ಮಗಳ ಮನಿಯೊಳಗ ತೊಟ್ಲಾ ತೂಗಲಿ ಅಂತ."

ನಾವು ಎಲ್ಲರ ಕಡೆ ತಿರುಗಿ ಹೇಳಿದೆವು: "ಕೇಳಿದಿರಾ? ಈ ಅಕ್ಕ ಈಗ ಓದಿದರು. ಅವರ ಅವ್ವ ದಾರದಲ್ಲಿ ಬರೆದ ಮಾತನ್ನು ನಮಗೆ ಓದಿ ಹೇಳಿದರು."

ಎಲ್ಲರೂ ನಕ್ಕರು. ಆ ಅಕ್ಕನೂ ನಕ್ಕರು. ಸ್ಲೇಟು ಕೈಗೆ ತೆಗೆದುಕೊಂಡರು.

ಈ ಪಾಠ ಅಲ್ಲಿಂದ ಹುಟ್ಟಿತು.

ಗುರುತು ಎಂದರೆ ಏನು?

ದೂರದಲ್ಲಿ ಹೊಗೆ ಕಾಣುತ್ತದೆ. ಅಲ್ಲಿ ಬೆಂಕಿ ಇದೆ ಎಂದು ತಿಳಿಯುತ್ತೇವೆ. ಮೋಡ ಕಪ್ಪಾಗುತ್ತದೆ. ಮಳೆ ಬಂದೀತು ಎಂದು ಒಣಹಾಕಿದ ಕಾಳು ಒಳಗೆ ತರುತ್ತೇವೆ. ಇವು ತಾವಾಗಿಯೇ ಇರುವ ಗುರುತುಗಳು. ಯಾವ ಊರಿಗೆ ಹೋದರೂ ಹೊಗೆ ಎಂದರೆ ಬೆಂಕಿಯೇ.

ಇನ್ನೊಂದು ಬಗೆಯ ಗುರುತು ಇದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದಾರೆ. ಆ ಮನೆಯಲ್ಲಿ ಹಬ್ಬವೋ ಮದುವೆಯೋ ಇದೆ ಎಂದು ತಿಳಿಯುತ್ತೇವೆ. ಎಲೆ ತಾನಾಗಿ ಇದನ್ನು ಹೇಳಲಿಲ್ಲ. ಜನ ಒಪ್ಪಿಕೊಂಡಿದ್ದಾರೆ, ಅದಕ್ಕೆ ಆ ಅರ್ಥ ಬಂದಿದೆ. ಹೀಗೆ ಜನ ಒಪ್ಪಿಕೊಂಡ ಗುರುತಿಗೆ ಸಂಕೇತ ಎನ್ನುತ್ತಾರೆ.

ನಮ್ಮ ರಾಷ್ಟ್ರಧ್ವಜ ನೋಡಿ. ಬಟ್ಟೆ ಎಂದರೆ ಬಟ್ಟೆ. ಆದರೆ ಅದರ ಮೇಲೆ ಮೂರು ಬಣ್ಣ ಇವೆ. ನಡುವೆ 24 ಅರೆಗಳ ಚಕ್ರ ಇದೆ. 1947ರ ಜುಲೈ 22ರಂದು ಸಂವಿಧಾನ ಸಭೆ ಇದನ್ನು ದೇಶದ ಧ್ವಜ ಎಂದು ಒಪ್ಪಿತು. ಅಂದಿನಿಂದ ಆ ಬಟ್ಟೆಗೆ ನಾವು ಎದ್ದು ನಿಂತು ಗೌರವ ಕೊಡುತ್ತೇವೆ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ನಮ್ಮಂಥ ಹೆಣ್ಣುಮಕ್ಕಳೇ.

ಅಕ್ಷರವೂ ಇಂಥದೇ ಒಂದು ಗುರುತು. 'ಅ' ಎಂಬ ಗೆರೆಗೆ ಬಾಯಿ ಇಲ್ಲ. ಅದನ್ನು 'ಅ' ಎಂದು ಓದೋಣ ಎಂದು ಎಲ್ಲರೂ ಒಪ್ಪಿದ್ದೇವೆ. ಅಷ್ಟೇ. ರಂಗೋಲಿಯ ಚುಕ್ಕಿ ತಪ್ಪದೆ ಎಳೆ ಎಳೆಯುವ ಕೈಗೆ 'ಅ' ಬರೆಯುವುದು ಕಷ್ಟವೇ?

ಸೀರೆಯ ಮೇಲಿನ ಬರಹ

ಕಸೂತಿ ನಮ್ಮ ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕೈಕೆಲಸ. ಇದಕ್ಕೆ ಮೊದಲೇ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸಬೇಕು. ಎಣಿಸಿ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಸೊಟ್ಟಗಾಗುತ್ತದೆ. ಹಾಗಾದರೆ ಕಸೂತಿ ಹಾಕುವವರಿಗೆ ಲೆಕ್ಕ ಬರುವುದಿಲ್ಲ ಎಂದು ಹೇಳಬಹುದೇ?

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ ಇವೆ.

ಗಾವಂತಿ: ಸೂಜಿ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ.

ಮುರ್ಗಿ: ಇದೂ ಗಾವಂತಿಯ ಹಾಗೆಯೇ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕು ಹೋಗುತ್ತದೆ.

ನೇಗಿ: ಉದ್ದ ಉದ್ದ ಎಳೆ. ನೋಡಿದರೆ ನೇಯ್ದ ಹಾಗೆ ಕಾಣುತ್ತದೆ.

ಮೆಂತಿ: ಅಡ್ಡಗುಣಿತದ ಹೊಲಿಗೆ. ಮೆಂತ್ಯದ ಕಾಳು ತುಂಬಿದ ಹಾಗೆ ಒತ್ತಾಗಿ ಕಾಣುತ್ತದೆ.

ಗಾವಂತಿ, ಮುರ್ಗಿ ಹಾಕಿದ ಬಟ್ಟೆಯನ್ನು ತಿರುಗಿಸಿ ನೋಡಿ. ಒಳಗೂ ಹೊರಗೂ ಒಂದೇ ಥರ. ಗಂಟು ಕಾಣುವುದಿಲ್ಲ.

ಇನ್ನು ಚಿತ್ರಗಳು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ಗಿಳಿ, ಕಮಲ, ಶಂಖ, ತೊಟ್ಟಿಲು. ಇವೆಲ್ಲ ಎಲ್ಲಿಂದ ಬಂದವು? ಹಾಕಿದವರು ದಿನಾ ಕಂಡದ್ದು ಇವನ್ನೇ. ಅಂಗಳದಲ್ಲಿ ತುಳಸಿ ಇತ್ತು. ಜಾತ್ರೆಯಲ್ಲಿ ತೇರು ಇತ್ತು. ಗುಡಿಗೆ ಗೋಪುರ ಇತ್ತು. ಕಂಡದ್ದನ್ನೂ ಬಯಸಿದ್ದನ್ನೂ ದಾರದಲ್ಲಿ ಇಟ್ಟರು. ಮದುವೆಗೆ ಕೊಡುವ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಇಂಥ ಕಸೂತಿ ಇರುತ್ತಿತ್ತು. ತವರಿನವರ ಹಾರೈಕೆ ಮಗಳ ಬೆನ್ನ ಮೇಲೆಯೇ ಹೋಗುತ್ತಿತ್ತು.

ಇಳಕಲ್ ಸೀರೆಯ ಸೆರಗಿನಲ್ಲೂ ಗುರುತುಗಳಿವೆ. ಹಣಿಗೆಯ ಹಲ್ಲಿನಂಥದು ಒಂದು. ಕೋಟೆಯ ಗೋಡೆಯಂಥದು ಒಂದು. ಜೋಳದ ತೆನೆಯಂಥದು ಒಂದು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥ ಸೀರೆ ಇದ್ದರೆ ಇವತ್ತೇ ತೆಗೆದು ನೋಡಿ.

ಗೋಡೆಯ ಮೇಲಿನ ಬರಹ

ಮಲೆನಾಡಿನ ಕಡೆ ಹೋಗೋಣ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತ ದೀವರ ಜನ ಇದ್ದಾರೆ. ಅವರ ಮನೆಯ ಹೆಣ್ಣುಮಕ್ಕಳು ಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಮದುವೆಯಲ್ಲಿ ಬರೆಯುವುದಕ್ಕೆ ಹಸೆ ಚಿತ್ತಾರ ಎಂದು ಹೆಸರು.

ಬಣ್ಣಕ್ಕೆ ಅಂಗಡಿಗೆ ಹೋಗುವುದಿಲ್ಲ. ಅಕ್ಕಿ ಅರೆದರೆ ಬಿಳಿ. ಕೆಮ್ಮಣ್ಣು ಕಲಸಿದರೆ ಕೆಂಪು. ಅಕ್ಕಿಯನ್ನು ಕಪ್ಪಾಗುವ ತನಕ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನಿಂದ ಕುಂಚ.

ಆ ಚಿತ್ತಾರದಲ್ಲಿ ದಂಡಿಗೆ ಇರುತ್ತದೆ. ಮದುಮಕ್ಕಳು ಇರುತ್ತಾರೆ. ಭತ್ತದ ತೆನೆ ಇರುತ್ತದೆ. ಹಕ್ಕಿಗಳು ಇರುತ್ತವೆ. ಭೂಮಿ ಹುಣ್ಣಿಮೆ ಬಂದಾಗ ಬುಟ್ಟಿಯ ಮೇಲೂ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ತೆನೆ ಹೊತ್ತ ಭೂಮಿ ಬಸುರಿ ಎಂದು ಅವರ ನಂಬಿಕೆ. ಬಸುರಿ ಹೆಣ್ಣಿಗೆ ಬಯಕೆಯ ಊಟ ಬಡಿಸುವ ಹಾಗೆ ಭೂಮಿಗೂ ಬಡಿಸುತ್ತಾರೆ. ಆ ಊಟ ಈ ಬುಟ್ಟಿಯಲ್ಲಿ ಹೊಲಕ್ಕೆ ಹೋಗುತ್ತದೆ.

ನಮ್ಮ ಕಡೆ ಕಸೂತಿ. ಅವರ ಕಡೆ ಚಿತ್ತಾರ. ಒಂದು ದಾರ, ಒಂದು ಅಕ್ಕಿ ಹಿಟ್ಟು. ಎರಡನ್ನೂ ಕಾಪಾಡಿದವರು ಶಾಲೆ ಕಾಣದ ಅಜ್ಜಿಯರು.

ಒಂದೇ ಗುರುತು, ಬೇರೆ ಬೇರೆ ಅರ್ಥ

ಈಗ ಒಂದು ಎಚ್ಚರದ ಮಾತು.

ಬಿಸ್ಕತ್ತಿನ ಪೊಟ್ಟಣ ನೋಡಿ. ಒಂದು ಚಿಕ್ಕ ಚೌಕ. ಅದರೊಳಗೆ ಹಸಿರು ಚುಕ್ಕಿ. ಸಸ್ಯಾಹಾರ ಎಂದು ಅರ್ಥ. ಕಂದು ಬಣ್ಣದ ಗುರುತು ಇದ್ದರೆ ಮಾಂಸಾಹಾರ. ಮೊದಲು ಅದೂ ಚುಕ್ಕಿಯೇ ಆಗಿತ್ತು. 2020ರ ನಿಯಮದಲ್ಲಿ ಅದನ್ನು ತ್ರಿಕೋನ ಮಾಡಿದರು. ಬಣ್ಣ ತಿಳಿಯದವರಿಗೂ ಆಕಾರದಿಂದ ತಿಳಿಯುತ್ತದೆ.

ಒಂದು ದಿನ ನಮ್ಮ ಕೇಂದ್ರಕ್ಕೆ ಒಬ್ಬ ತಂಗಿ ಖಾಲಿ ಡಬ್ಬಿ ತಂದಳು. ಗಟ್ಟಿ ಡಬ್ಬಿ. ಮುಚ್ಚಳ ಚೆನ್ನಾಗಿತ್ತು. "ತೊಳದೀನ್ರಿ. ಎಣ್ಣಿ ಹಾಕಿಡಾಕ ಛಲೋ ಆಕ್ಕೈತಿ" ಎಂದಳು. ನಾವು ತಿರುಗಿಸಿ ನೋಡಿದೆವು. ಅದು ಬೆಳೆಗೆ ಹೊಡೆಯುವ ಔಷಧದ ಡಬ್ಬಿ.

"ಹಸರ ಗುರುತು ಐತಲ್ರಿ ಅಕ್ಕಾರ? ಹಸರ ಇದ್ರ ತಿನ್ನಬಹುದು ಅಂತ ನೀವೇ ಹೇಳಿದ್ರಿ" ಎಂದಳು.

ನಮ್ಮ ಎದೆ ಝಲ್ ಎಂದಿತು. ತಪ್ಪು ಅವಳದಲ್ಲ. ನಾವು ಅರ್ಧ ಪಾಠ ಹೇಳಿದ್ದೆವು. ಉಳಿದ ಅರ್ಧ ಇಲ್ಲಿದೆ. ಗಮನವಿಟ್ಟು ಓದಿ.

ಕೀಟನಾಶಕದ ಡಬ್ಬಿಯ ಮೇಲೆ ಶಂಕರಪೋಳಿಯ ಆಕಾರದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ತುಂಬಿರುತ್ತಾರೆ.

ಕೆಂಪು: ಅತಿ ಹೆಚ್ಚು ವಿಷ. ಮೇಲೆ ತಲೆಬುರುಡೆ, ಎರಡು ಎಲುಬು ಇರುತ್ತವೆ.

ಹಳದಿ: ಹೆಚ್ಚು ವಿಷ.

ನೀಲಿ: ಮಧ್ಯಮ ವಿಷ.

ಹಸಿರು: ಉಳಿದವಕ್ಕಿಂತ ಕಡಿಮೆ ವಿಷ.

ಕಡಿಮೆ ಇದ್ದರೂ ವಿಷ ವಿಷವೇ. ಪೊಟ್ಟಣದ ಮೇಲಿನ ಹಸಿರು ಬೇರೆ. ಔಷಧದ ಡಬ್ಬಿಯ ಹಸಿರು ಬೇರೆ.

ಇಂಥ ಡಬ್ಬಿಯನ್ನು ಎಷ್ಟು ತೊಳೆದರೂ ಅಡುಗೆಮನೆಗೆ ತರಬಾರದು. ಎಣ್ಣೆ, ನೀರು, ಕಾಳು ಯಾವುದನ್ನೂ ಹಾಕಿಡಬಾರದು. ಬೇರೆಯವರು ಬಳಸದ ಹಾಗೆ ಅದಕ್ಕೆ ತೂತು ಮಾಡಬೇಕು. ಕೆರೆ, ಬಾವಿ, ಹಳ್ಳದ ಹತ್ತಿರ ಎಸೆಯಬಾರದು. ಯಾರಾದರೂ ತಪ್ಪಿ ಕುಡಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಯಾವ ವಿಷ ಎಂದು ಡಾಕ್ಟರಿಗೆ ತಿಳಿಯುತ್ತದೆ.

ಇನ್ನೊಂದು ಗುರುತು. ಆಸ್ಪತ್ರೆಯ ಗೋಡೆಯ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ ನೋಡಿರಬಹುದು. ಅದು ಕುಟುಂಬ ಯೋಜನೆಯ ಗುರುತು. ಅಲ್ಲಿ ಸಲಹೆ ಕೇಳಬಹುದು ಎಂದು ಅರ್ಥ. ಔಷಧದ ಡಬ್ಬಿಯ ಮೇಲೂ ಕೆಳಗೆ ಚೂಪಾದ ಕೆಂಪು ಇರುತ್ತದೆ. ಅಲ್ಲಿ ಅದು ಸಾವಿನ ಎಚ್ಚರಿಕೆ.

ಆದ್ದರಿಂದ ಗುರುತು ನೋಡಿದರೆ ಸಾಲದು. ಅದು ಎಲ್ಲಿದೆ ಎಂದೂ ನೋಡಬೇಕು. ಪಕ್ಕದಲ್ಲಿ ಏನು ಬರೆದಿದೆ ಎಂದು ಓದಬೇಕು. ಅಕ್ಷರ ಬೇಕಾಗುವುದು ಇದಕ್ಕೇ.

ಮತಪೆಟ್ಟಿಗೆಯ ಮೇಲಿನ ಚಿತ್ರ

ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1951–52ರಲ್ಲಿ. ಆಗ ದೇಶದಲ್ಲಿ 100 ಜನರಲ್ಲಿ ಓದು ಬಲ್ಲವರು ಸುಮಾರು 18 ಮಂದಿ ಮಾತ್ರ. ಉಳಿದವರು ಓಟು ಹಾಕುವುದು ಹೇಗೆ? ಅದಕ್ಕೆ ಚಿತ್ರದ ಗುರುತು ಬಂತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯ ಮೇಲೆ ಅವರ ಗುರುತಿನ ಚಿತ್ರ ಅಂಟಿಸಿದರು. ಬೇಕಾದ ಚಿತ್ರ ನೋಡಿ ಜನ ಚೀಟಿ ಹಾಕಿದರು.

ಆ ಚುನಾವಣೆಯಲ್ಲಿ ಒಂದು ನೋವಿನ ಸಂಗತಿಯೂ ನಡೆಯಿತು. ಹೆಸರು ಬರೆದುಕೊಳ್ಳಲು ಮನೆಗೆ ಬಂದವರಿಗೆ ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. "ಇಂಥವರ ಹೆಂಡತಿ", "ಇಂಥವರ ಮಗಳು" ಎಂದು ಬರೆಸಿದರು. ಹಾಗೆ ಬರೆದದ್ದು ನಡೆಯುವುದಿಲ್ಲ ಎಂದು ಚುನಾವಣಾ ಆಯೋಗ ಹೇಳಿತು. ಸ್ವಂತ ಹೆಸರು ಕೊಡಲು ಸಮಯವನ್ನೂ ಕೊಟ್ಟಿತು. ಆದರೂ ದೇಶದಲ್ಲಿ ಸುಮಾರು 28 ಲಕ್ಷ ಹೆಣ್ಣುಮಕ್ಕಳು ಮತದಾರರ ಪಟ್ಟಿಯಿಂದ ಹೊರಗೆ ಉಳಿದರು.

28 ಲಕ್ಷ! ಗುರುತಿನ ಚಿತ್ರ ಪೆಟ್ಟಿಗೆಯ ಮೇಲೆ ಇತ್ತು. ಆದರೆ ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಇಂದು ಓಟು ಹಾಕಿದಾಗ ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚುತ್ತಾರೆ. ಬೇಗ ಅಳಿಸುವುದಿಲ್ಲ. ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆ ಕಾರ್ಖಾನೆ ಶುರುವಾಯಿತು. 1962ರ ಸಾರ್ವತ್ರಿಕ ಚುನಾವಣೆಯಿಂದ ಅದರ ಶಾಯಿ ದೇಶದ ಬೆರಳುಗಳ ಮೇಲೆ ಇದೆ. ಒಂದು ಚಿಕ್ಕ ಗೆರೆ. 'ನಾನು ಬಂದಿದ್ದೆ, ನನ್ನ ಮಾತು ಹೇಳಿದ್ದೇನೆ' ಎಂದು ಅದರ ಅರ್ಥ.

ಅಳಿಸಿದ ಕುಂಕುಮ

ಹಿಂದಿನ ಸಾಲಿನ ಅಕ್ಕನ ವಿಷಯಕ್ಕೆ ಮತ್ತೆ ಬರೋಣ.

ಸೆಪ್ಟೆಂಬರ್ 8 ಸಾಕ್ಷರತಾ ದಿನ. ಕೇಂದ್ರದ ಮುಂದೆ ರಂಗೋಲಿ ಹಾಕಬೇಕಿತ್ತು. ನಾವು ಎಲ್ಲರ ಎದುರು ಆ ಅಕ್ಕನಿಗೆ, "ನೀವೇ ಹಾಕ್ರಿ. ನಿಮ್ಮ ಕೈ ಛಲೋ ಐತಿ" ಎಂದೆವು. ಅವರು ಕೈ ಸೆರಗಿನೊಳಗೆ ಎಳೆದುಕೊಂಡರು.

"ನಾ ಹಾಕಬಾರದ್ರಿ" ಎಂದರು.

ಆಗ ನಮಗೆ ತಿಳಿಯಿತು. ಅವರ ಗಂಡ ತೀರಿಹೋಗಿ 11 ವರ್ಷ ಆಗಿತ್ತು. ಎಲ್ಲರ ಎದುರು ಕೇಳಿ ನಾವೇ ತಪ್ಪು ಮಾಡಿದ್ದೆವು. ಆ ದಿನ ಬೇರೆಯವರು ರಂಗೋಲಿ ಹಾಕಿದರು. ಆ ಅಕ್ಕ ಹಿಂದೆ ನಿಂತು ನೋಡಿದರು.

ಮರುವಾರ ನಾವು ಈ ಮಾತನ್ನೇ ಪಾಠ ಮಾಡಿದೆವು. ಯಾರ ಹೆಸರನ್ನೂ ಎತ್ತಲಿಲ್ಲ. ಕುಂಕುಮ, ಬಳೆ, ಹೂವು ಎಂದರೆ ಏನು ಎಂದು ಕೇಳಿದೆವು.

"ಗಂಡ ಇದ್ದಾನ ಅಂತ ಗುರುತ್ರಿ" ಎಂದಳು ಒಬ್ಬಳು.

"ಹಂಗಾದ್ರ ಲಗ್ನಕ್ಕಿಂತ ಮೊದಲ ನಾವು ಬಳಿ ಇಟ್ಟಿದ್ದಿಲ್ಲೇನ? ಹೂವು ಮುಡಿದಿದ್ದಿಲ್ಲೇನ? ಅವು ತವರುಮನಿಯವು" ಎಂದಳು ಇನ್ನೊಬ್ಬಳು.

ಆಗ ಒಬ್ಬ ಅಜ್ಜಿ ಮೆಲ್ಲಗೆ ಹೇಳಿದರು: "ಹೆಂಡತಿ ಸತ್ತ ಗಂಡಸಿಗೆ ಏನ ಗುರುತ ಐತಿ, ಹೇಳ್ರಿ ನೋಡೋಣ?"

ಯಾರೂ ಮಾತಾಡಲಿಲ್ಲ.

ಬೆಂಕಿಗೆ ಹೊಗೆ ಗುರುತು. ಅದನ್ನು ಯಾರೂ ಬದಲಿಸಲಾರರು. ಆದರೆ ಕುಂಕುಮದ ಅರ್ಥ ಜನ ಕೊಟ್ಟದ್ದು. ಬಿಳಿ ಸೀರೆಯ ಅರ್ಥವೂ ಜನ ಕೊಟ್ಟದ್ದು. ನಮ್ಮ ಎಷ್ಟೋ ಊರುಗಳಲ್ಲಿ ಬಿಳಿ ಸೀರೆ ವಿಧವೆಯ ಗುರುತು. ಕೇರಳದಲ್ಲಿ ಓಣಂ ಹಬ್ಬಕ್ಕೆ ಜರಿಯಂಚಿನ ಬಿಳಿ ಸೀರೆಯನ್ನೇ ಸಂಭ್ರಮದಿಂದ ಉಡುತ್ತಾರೆ. ಕ್ರೈಸ್ತರ ಮದುವೆಯಲ್ಲಿ ಮದುಮಗಳ ಉಡುಪೇ ಬಿಳಿ. ಬಣ್ಣ ಒಂದೇ. ಒಪ್ಪಿಗೆ ಬೇರೆ. ಜನ ಕೊಟ್ಟ ಅರ್ಥವನ್ನು ಜನ ಬದಲಿಸಬಹುದು.

ಬದಲಿಸಿದವರೂ ಇದ್ದಾರೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ ಹೇರವಾಡ ಎಂಬ ಊರು ಇದೆ. ನಮ್ಮ ರಾಜ್ಯದ ಗಡಿಗೆ ಹತ್ತಿರ. 2022ರ ಮೇ ತಿಂಗಳಲ್ಲಿ ಆ ಊರಿನ ಗ್ರಾಮಸಭೆ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯಬಾರದು. ಕುಂಕುಮ ಅಳಿಸಬಾರದು. ತಾಳಿ ತೆಗೆಯಬಾರದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಊರುಗಳೂ ಹೀಗೆ ಮಾಡಲಿ ಎಂದು ಸುತ್ತೋಲೆ ಕಳಿಸಿತು. ಠರಾವು ಮಾಡಿದ್ದು ಯಾವ ದೊಡ್ಡ ಶಹರವೂ ಅಲ್ಲ. ನಮ್ಮ ಊರಿನಂಥದೇ ಊರು, ನಮ್ಮ ಗ್ರಾಮಸಭೆಯಂಥದೇ ಸಭೆ.

ಇಲ್ಲಿ ಒಂದು ಮಾತು ಸೇರಿಸುತ್ತೇವೆ. ಕುಂಕುಮ ಇಟ್ಟುಕೊಳ್ಳಲೇಬೇಕು ಎಂದು ಯಾರಿಗೂ ಒತ್ತಾಯ ಮಾಡಬಾರದು. ಇಡಬಾರದು ಎಂದೂ ಹೇಳಬಾರದು. ಹಣೆ ಯಾರದೋ ನಿರ್ಧಾರವೂ ಅವರದು.

ಹೆಬ್ಬೆಟ್ಟು ಮತ್ತು ಸಹಿ

ಹೆಬ್ಬೆಟ್ಟಿನ ಗುರುತು ಕೀಳಲ್ಲ. ಒಬ್ಬರ ಹೆಬ್ಬೆಟ್ಟಿನ ಹಾಗೆ ಇನ್ನೊಬ್ಬರದು ಇರುವುದಿಲ್ಲ. ಓದು ಕಲಿತವರೂ ಇಂದು ರೇಷನ್ ಅಂಗಡಿಯಲ್ಲಿ ಬೆರಳು ಒತ್ತುತ್ತಾರೆ. ಕಷ್ಟ ಇರುವುದು ಬೇರೆ ಕಡೆ. ಮೇಲೆ ಏನು ಬರೆದಿದೆ ಎಂದು ತಿಳಿಯದೆ ಕೆಳಗೆ ಹೆಬ್ಬೆಟ್ಟು ಒತ್ತಿದರೆ ಹೊಲ ಹೋಗಬಹುದು. ಸಾಲ ನಮ್ಮ ತಲೆಗೆ ಬರಬಹುದು. ಸಹಿ ಕಲಿತವರಿಗೂ ಇದೇ ಮಾತು. ಓದದೆ ಸಹಿ ಮಾಡಿದರೆ ಅದೂ ಹೆಬ್ಬೆಟ್ಟಿನ ಹಾಗೆಯೇ.

ಹಿಂದಿನ ಸಾಲಿನ ಅಕ್ಕ ಈಗ ಎರಡನೇ ಸಾಲಿನಲ್ಲಿ ಕೂರುತ್ತಾರೆ. ಶನಿವಾರ ನಾಲ್ಕು ಹುಡುಗಿಯರಿಗೆ ಗಾವಂತಿ ಹೊಲಿಗೆ ಕಲಿಸುತ್ತಾರೆ. ಹಣೆಗೆ ಕುಂಕುಮ ಇಟ್ಟಿಲ್ಲ. ನಾವೂ ಕೇಳಿಲ್ಲ. ಆದರೆ ಮೊನ್ನೆ ಸಂಘದ ಸಾಲದ ಕಾಗದ ಬಂದಾಗ ಅವರು ಅರ್ಧ ತಾಸು ಬೆರಳಿಟ್ಟು ಓದಿದರು. "ಇಲ್ಲೆ ಬಡ್ಡಿ ಎಷ್ಟಂತ ಬರದಿಲ್ಲಲ್ರಿ?" ಎಂದು ಕೇಳಿದರು. ಬರೆಸಿಕೊಂಡು ಬಂದ ಮೇಲೆಯೇ ಸಹಿ ಮಾಡಿದರು.

ಅವತ್ತು ಸಂಜೆ ಕೇಂದ್ರದ ಬಾಗಿಲ ಮುಂದೆ ಒಂದು ಚಿಕ್ಕ ರಂಗೋಲಿ ಇತ್ತು. ಸೀಮೆಸುಣ್ಣದಲ್ಲಿ ಬರೆದದ್ದು. ನಡುವೆ ತೊಟ್ಟಿಲು. ಯಾರು ಬರೆದರು ಎಂದು ನಾವು ಕೇಳಲಿಲ್ಲ. ಓದಿದೆವು.

ಹೊಸ ಮಾತುಗಳು

ಸಂಕೇತ – ಜನ ಒಪ್ಪಿಕೊಂಡ ಗುರುತು
ಕೀಟನಾಶಕ – ಹುಳು ಕೊಲ್ಲುವ ಔಷಧ
ಅಭ್ಯರ್ಥಿ – ಚುನಾವಣೆಗೆ ನಿಂತವರು
ಠರಾವು – ಸಭೆ ಮಾಡಿದ ನಿರ್ಣಯ
ಸುತ್ತೋಲೆ – ಎಲ್ಲ ಕಡೆ ಕಳಿಸುವ ಸರ್ಕಾರಿ ಪತ್ರ

ಓದಿ, ಉತ್ತರ ಹೇಳಿ

1. ಕಸೂತಿಯ ನಾಲ್ಕು ಹೊಲಿಗೆಗಳು ಯಾವುವು?
2. ಹಸೆ ಚಿತ್ತಾರಕ್ಕೆ ಬಿಳಿ ಬಣ್ಣ ಯಾವುದರಿಂದ ಮಾಡುತ್ತಾರೆ?
3. ಔಷಧದ ಡಬ್ಬಿಯ ಮೇಲೆ ಹಸಿರು ಇದ್ದರೆ ಅದರಲ್ಲಿ ಎಣ್ಣೆ ಹಾಕಿಡಬಹುದೇ? ಯಾಕೆ?
4. 1951–52ರಲ್ಲಿ 28 ಲಕ್ಷ ಹೆಣ್ಣುಮಕ್ಕಳು ಪಟ್ಟಿಯಿಂದ ಹೊರಗೆ ಉಳಿದದ್ದು ಯಾಕೆ?

ಕೂಡಿ ಮಾತಾಡೋಣ

ಹೆಂಡತಿ ಸತ್ತ ಗಂಡಸಿಗೆ ಏನು ಗುರುತು ಇದೆ? ಅಜ್ಜಿ ಕೇಳಿದ ಈ ಪ್ರಶ್ನೆಗೆ ನಿಮ್ಮ ಉತ್ತರ ಏನು? ನಿಮ್ಮ ಊರಿನ ಯಾವ ಗುರುತು ಉಳಿಯಬೇಕು? ಯಾವುದರ ಅರ್ಥ ಬದಲಾಗಬೇಕು?

ಮಾಡಿ ನೋಡೋಣ

ನಿಮ್ಮ ಅವ್ವ ಅಥವಾ ಅಜ್ಜಿ ಹಾಕುತ್ತಿದ್ದ ಒಂದು ರಂಗೋಲಿಯನ್ನೋ ಕಸೂತಿಯನ್ನೋ ಪುಸ್ತಕದಲ್ಲಿ ಬರೆಯಿರಿ. ಅದರ ಕೆಳಗೆ ಅದರ ಹೆಸರು ಬರೆಯಿರಿ. ಹಾಕಿದವರ ಹೆಸರು ಬರೆಯಿರಿ. ಕೊನೆಗೆ ನಿಮ್ಮ ಹೆಸರು ಬರೆಯಿರಿ. "ಇಂಥವರ ಹೆಂಡತಿ" ಎಂದು ಬೇಡ. ನಿಮ್ಮದೇ ಹೆಸರು.